ಒಲ್ಲೆನೆಂಬವರೊಡನೆ ವಾದ

ಅಂಟುಜಾಡ್ಯಗಳನ್ನು ತಡೆಗಟ್ಟುವ ಉಪಾಯಗಳಿಗೆ ಒಂದು ವಿಶೇಷ ಗುಣವುಂಟು. ಕನ್ನಡಕ ಬೇಡವೆಂದವನು ತಾನೊಬ್ಬನೇ ಎಡವಿ ಬೀಳುತ್ತಾನೆ. ಲಸಿಕೆ ಬೇಡವೆಂದವನ ಮನೆಯಿಂದಲಾದರೋ ರೋಗವು ನೆರೆಮನೆಯ ತೊಟ್ಟಿಲಿಗೂ ದಾಟಬಲ್ಲದು. ಆದುದರಿಂದ ಇಲ್ಲಿ ಒಬ್ಬನ ಒಪ್ಪಿಗೆಯು ಅವನ ಸ್ವಂತ ವಿಷಯವಾಗಿ ಮಾತ್ರ ಉಳಿಯುವುದಿಲ್ಲ. ಒಲ್ಲೆನೆಂಬವರನ್ನು ಏನು ಮಾಡಬೇಕು? ಬಲದಿಂದ ಮಣಿಸಬೇಕೆ, ಅವರ ಪಾಡಿಗೆ ಬಿಡಬೇಕೆ, ಅಥವಾ ಎದುರು ಕುಳಿತು ವಾದಿಸಿ ಒಪ್ಪಿಸಬೇಕೆ? ಮೂಢರೊಡನೆ ವಾದವೇಕೆ, ಕಾನೂನು ಇದೆಯಲ್ಲ ಎಂದು ಬಿಡುವುದು ಸುಲಭ. ಹಾಗೆನ್ನುವ ಮೊದಲು ನಮ್ಮ ದೇಶದಲ್ಲಿಯೇ ನಡೆದ ಎರಡು ಪ್ರಸಂಗಗಳನ್ನು ಪರಿಶೀಲಿಸುವುದು ಒಳ್ಳೆಯದು. ಒಂದು 1896ರಲ್ಲಿ ಮೊದಲಾದ ಪ್ಲೇಗು, ಇನ್ನೊಂದು ಈ ಶತಮಾನದ ಆರಂಭದ ಪೋಲಿಯೊ.

ಪುಣೆಯಲ್ಲಿ ನಡೆದದ್ದು

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಭಾಗದಲ್ಲಿ ಡಾ. ಅಕಾಸಿಯೊ ವಿಯೆಗಾಸ್ ಎಂಬ ವೈದ್ಯರು ಗಡ್ಡೆಪ್ಲೇಗನ್ನು ಗುರುತಿಸಿದರು. ಕಂಕುಳಲ್ಲಿಯೋ ತೊಡೆಯ ಸಂದಿನಲ್ಲಿಯೋ ಗಂಟು ಕಟ್ಟಿ, ಜ್ವರವೇರಿ, ರೋಗಿಯು ಕೆಲವೇ ದಿನಗಳಲ್ಲಿ ಸಾಯುತ್ತಿದ್ದನು. ಸರ್ಕಾರವು 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಕೆಲವೇ ಕಲಮುಗಳ ಈ ಕಾಯಿದೆಯು ಅಧಿಕಾರಿಗಳಿಗೆ ಅಪಾರವಾದ ಅಧಿಕಾರವನ್ನು ಕೊಟ್ಟಿತು. (ಇದರ ಆಯುಷ್ಯವೂ ದೀರ್ಘವೇ, 2020ರಲ್ಲಿ ಕೋವಿಡ್ ಬಂದಾಗಲೂ ದೇಶವು ಮೊದಲು ಕೈಗೆತ್ತಿಕೊಂಡದ್ದು ಇದನ್ನೇ.)

ಪುಣೆಯಲ್ಲಿ ಈ ಅಧಿಕಾರವನ್ನು ಚಲಾಯಿಸಿದವನು ಪ್ಲೇಗು ಸಮಿತಿಯ ಅಧ್ಯಕ್ಷನಾಗಿದ್ದ ವಾಲ್ಟರ್ ಚಾರ್ಲ್ಸ್ ರ‍್ಯಾಂಡ್. ಅವನು ಮನೆಗಳ ಶೋಧನೆಗೆ ಸೈನಿಕರನ್ನು ಇಳಿಸಿದನು. ಬೂಟುಗಾಲಿನ ಸೋಲ್ಜರುಗಳು ಅಡುಗೆಮನೆಗೂ ದೇವರಮನೆಗೂ ನುಗ್ಗಿದರು. ಗಂಟು ಇದೆಯೋ ಇಲ್ಲವೋ ಎಂದು ಹೆಂಗಸರನ್ನು ಬೀದಿಯಲ್ಲಿ ನಿಲ್ಲಿಸಿ ಪರೀಕ್ಷಿಸಿದರು. ಹಾಸಿಗೆ ಬಟ್ಟೆಗಳನ್ನು ಸುಟ್ಟರು. ರೋಗಿಯನ್ನು ಆಸ್ಪತ್ರೆಗೂ ಮನೆಯವರನ್ನು ಬೇರ್ಪಡಿಕೆಯ ಶಿಬಿರಕ್ಕೂ ಒಯ್ದರು. ಪರಿಣಾಮವು ಊಹಿಸಬಹುದಾದದ್ದೇ. ಜನರು ರೋಗಿಗಳನ್ನು ಬಚ್ಚಿಟ್ಟರು, ಹೆಣಗಳನ್ನು ಗುಟ್ಟಾಗಿ ಸಾಗಿಸಿದರು, ಊರು ಬಿಟ್ಟು ಓಡಿದರು. ಓಡಿದವರ ಗಂಟುಮೂಟೆಗಳೊಡನೆ ರೋಗವೂ ಹೊಸ ಊರುಗಳಿಗೆ ಹೋಯಿತು. 1897ರ ಜೂನ್ 22ರ ರಾತ್ರಿ ಚಾಪೇಕರ ಸಹೋದರರು ರ‍್ಯಾಂಡನ ಮೇಲೆ ಗುಂಡು ಹಾರಿಸಿದರು. ಈ ಪ್ರಸಂಗದ ರಾಜಕೀಯವು ಚರಿತ್ರೆಯ ಪುಸ್ತಕಗಳಲ್ಲಿದೆ. ನಮಗೆ ಇಲ್ಲಿ ಬೇಕಾದದ್ದು ಅದರ ವಿಜ್ಞಾನ.

ಪುಣೆಯ ಜನರು ಚಿಕಿತ್ಸೆಯನ್ನೇ ಒಲ್ಲೆನೆಂದರೆ? ಹಾಗೆ ಹೇಳಲಾಗದು. ಅಧಿಕಾರಿಗಳನ್ನು ಕಟುವಾಗಿ ಟೀಕಿಸುತ್ತಿದ್ದ ತಿಲಕರು ತಾವೇ ಪ್ಲೇಗು ರೋಗಿಗಳಿಗಾಗಿ ಒಂದು ಆಸ್ಪತ್ರೆಯ ಏರ್ಪಾಡಿಗೆ ನೆರವಾದರು. ಸಾವಿತ್ರಿಬಾಯಿ ಫುಲೆಯವರು ರೋಗಿಗಳ ಶುಶ್ರೂಷೆ ಮಾಡುತ್ತ ತಾವೇ ರೋಗಕ್ಕೆ ತುತ್ತಾಗಿ ಅದೇ ವರ್ಷದ ಮಾರ್ಚ್ 10ರಂದು ತೀರಿಕೊಂಡರು. ಜನರು ಒಲ್ಲೆನೆಂದದ್ದು ಆರೈಕೆಯನ್ನಲ್ಲ, ಅದನ್ನು ಹೇರಿದ ರೀತಿಯನ್ನು. ಒಲ್ಲೆನೆಂಬವರ ವಿಷಯದಲ್ಲಿ ನಾವು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದೇ.

ಇನ್ನೂ ಸ್ವಾರಸ್ಯವಾದ ಅಂಶವೊಂದುಂಟು. ಪ್ಲೇಗಿನ ಸೂಕ್ಷ್ಮಜೀವಿಯನ್ನು ಯರ್ಸಿನ್ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದನು. ಆದರೆ ಅದು ಮನುಷ್ಯನ ಮೈಯೊಳಕ್ಕೆ ಬರುವ ದಾರಿ 1897ರಲ್ಲಿ ಇತ್ಯರ್ಥವಾಗಿರಲಿಲ್ಲ. ಮರುವರ್ಷ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂ ಎಂಬ ಫ್ರೆಂಚ್ ವಿಜ್ಞಾನಿಯು ಒಂದು ಸರಳವಾದ ಪ್ರಯೋಗ ಮಾಡಿದನು. ಪ್ಲೇಗು ತಗುಲಿದ, ಮೈತುಂಬ ಚಿಗಟಗಳಿದ್ದ ಇಲಿಯೊಂದನ್ನು ಗಾಜಿನ ಜಾಡಿಯಲ್ಲಿಟ್ಟನು. ಅದೇ ಜಾಡಿಯೊಳಗೆ ತಂತಿಬಲೆಯ ಗೂಡಿನಲ್ಲಿ ಆರೋಗ್ಯವಂತ ಇಲಿಯೊಂದನ್ನು ಇಳಿಬಿಟ್ಟನು. ಇಲಿಗಳು ಒಂದನ್ನೊಂದು ಮುಟ್ಟುವಂತಿರಲಿಲ್ಲ; ಚಿಗಟಗಳು ಮಾತ್ರ ಹಾರಬಹುದಾಗಿತ್ತು. ಎರಡನೆಯ ಇಲಿಗೂ ಪ್ಲೇಗು ಬಂತು. ಚಿಗಟಗಳಿಲ್ಲದ ರೋಗಿ ಇಲಿಯನ್ನು ಇಟ್ಟು ನೋಡಿದಾಗ ಬರಲಿಲ್ಲ. ಗಡ್ಡೆಪ್ಲೇಗು ಸಾಮಾನ್ಯವಾಗಿ ಮನುಷ್ಯನಿಂದ ಮನುಷ್ಯನಿಗೆ ನೇರವಾಗಿ ಹರಡುವುದಿಲ್ಲ. ಇಲಿಯ ಮೈಯ ಚಿಗಟದಿಂದ ಬರುತ್ತದೆ. ಎಂದರೆ, ರೋಗಿಯನ್ನು ಹೆಂಡತಿಮಕ್ಕಳಿಂದ ಎಳೆದೊಯ್ಯುತ್ತಿದ್ದ ಸೈನಿಕರು ನಿಜವಾದ ಅಪರಾಧಿಯನ್ನು ಅದೇ ಮನೆಯ ಮಾಡಿನಲ್ಲಿ ಬಿಟ್ಟುಹೋಗುತ್ತಿದ್ದರು. ಬಟ್ಟೆ ಸುಟ್ಟದ್ದರಿಂದ ಒಂದಿಷ್ಟು ಪ್ರಯೋಜನವಾಗಿದ್ದರೂ ಆಗಿರಬಹುದು, ಏಕೆಂದರೆ ಚಿಗಟಗಳು ಬಟ್ಟೆಯಲ್ಲಿಯೂ ಅಡಗುತ್ತವೆ; ಆದರೆ ಅದು ತಿಳಿದು ಮಾಡಿದ ಕೆಲಸವಾಗಿರಲಿಲ್ಲ.

ಇತ್ತ ಗಢವಾಲ, ಕುಮಾವೂಂ ಸೀಮೆಗಳ ಹಳ್ಳಿಗರು ಇಲಿಗಳು ಸತ್ತು ಬೀಳುವುದನ್ನು ಕಂಡೊಡನೆ ಊರನ್ನೇ ತೊರೆಯುತ್ತಿದ್ದರೆಂದು ಹತ್ತೊಂಬತ್ತನೆಯ ಶತಮಾನದ ವೈದ್ಯರು ಬರೆದಿಟ್ಟಿದ್ದಾರೆ. ನಮ್ಮ ಮೈಸೂರು ಸೀಮೆಯಲ್ಲಿಯೂ ‘ಇಲಿ ಬಿತ್ತು’ ಎಂಬ ಮಾತೇ ಪ್ಲೇಗಿನ ಮುನ್ಸೂಚನೆಯಾಗಿತ್ತು. ಕೇಳಿದೊಡನೆ ಜನರು ಮನೆಗೆ ಬೀಗ ಹಾಕಿ ಊರಾಚೆಯ ಹೊಲಗಳಲ್ಲಿ ಜೋಪಡಿ ಕಟ್ಟಿಕೊಳ್ಳುತ್ತಿದ್ದರು. ಕಾರಣ ಗೊತ್ತಿಲ್ಲದಿದ್ದರೂ ಈ ಆಚರಣೆಯು ಶಾಸ್ತ್ರಸಮ್ಮತವಾದದ್ದೇ. ವಾದವೆಂದರೆ ತಿಳಿದವನು ತಿಳಿಯದವನಿಗೆ ಹೇಳುವುದು ಎಂದು ನಾವು ಭಾವಿಸುತ್ತೇವೆ. ಪುಣೆಯಲ್ಲಿ ಅಧಿಕಾರಿಗಳು ಜನರ ಮಾತನ್ನು ಕೇಳಿದ್ದರೆ ಇಲಿಯ ಸುದ್ದಿಯು ಅವರ ಕಿವಿಗೂ ಬೀಳುತ್ತಿತ್ತು.

ಹಾಫ್‌ಕಿನನ ಮದ್ದು

ಅದೇ ಕಾಲದಲ್ಲಿ ಮುಂಬಯಿಯಲ್ಲಿ ಇನ್ನೊಂದು ಕೆಲಸ ನಡೆದಿತ್ತು. ಒಡೆಸ್ಸಾದಲ್ಲಿ ಹುಟ್ಟಿ ಪ್ಯಾರಿಸಿನ ಪಾಸ್ಚರ್ ಸಂಸ್ಥೆಯಲ್ಲಿ ಪಳಗಿದ್ದ ವಾಲ್ಡೆಮಾರ್ ಹಾಫ್‌ಕಿನನು ಪ್ಲೇಗಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ, ಕಾಯಿಸಿ ಕೊಂದು, ಅದರಿಂದ ಲಸಿಕೆಯನ್ನು ತಯಾರಿಸಿದನು. 1897ರ ಜನವರಿ 10ರಂದು ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡನು. ಬಳಿಕ ಬೈಕುಲ್ಲಾ ಸೆರೆಮನೆಯಲ್ಲಿ ಒಪ್ಪಿ ಮುಂದೆ ಬಂದ ಕೈದಿಗಳಿಗೆ ಕೊಡಲಾಯಿತು. ಇಸ್ಮಾಯಿಲಿ ಖೋಜಾ ಪಂಗಡದ ಗುರುವಾಗಿದ್ದ ತರುಣ ಆಗಾ ಖಾನರು ತಮ್ಮ ಅನುಯಾಯಿಗಳ ಎದುರಿಗೇ ಚುಚ್ಚಿಸಿಕೊಂಡು ತೋರಿಸಿದರು. ಆ ಪಂಗಡದವರು ಸಾವಿರಗಟ್ಟಲೆಯಾಗಿ ಮುಂದೆ ಬಂದರು.

ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಹುಬ್ಬಳ್ಳಿಯಲ್ಲಿ 1898ರಲ್ಲಿ ಡಾ. ಲ್ಯೂಮನ್ ಎಂಬವರ ಮೇಲ್ವಿಚಾರಣೆಯಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರು ಲಸಿಕೆ ಹಾಕಿಸಿಕೊಂಡರು. ಊರಿನ ಬಹುಪಾಲು ಜನ ಹೀಗೆ ಒಪ್ಪಿದ್ದು ಆ ಕಾಲಕ್ಕೆ ಅಪೂರ್ವವಾದ ಸಂಗತಿ. ಇದೆಲ್ಲವೂ ಶುದ್ಧ ತರ್ಕದ ಜಯವೆಂದು ಹೇಳುವುದು ಸರಿಯಾಗದು. ಲಸಿಕೆ ಹಾಕಿಸಿಕೊಂಡವರಿಗೆ ಬೇರ್ಪಡಿಕೆಯ ಕೆಲವು ಕಟ್ಟಳೆಗಳಿಂದ ವಿನಾಯಿತಿ ದೊರೆಯುತ್ತಿತ್ತು. ಕಣ್ಣೆದುರಿಗೆ ಸಾವೂ ಇತ್ತು.

ಲಸಿಕೆಯು ನಿರ್ದೋಷವಾಗಿಯೂ ಇರಲಿಲ್ಲ. ಚುಚ್ಚಿಸಿಕೊಂಡವರಿಗೆ ಜ್ವರ, ಬಾವು ಬರುತ್ತಿದ್ದುವು. ರೋಗದ ಸಂಭವ ಕಡಿಮೆಯಾಗುತ್ತಿತ್ತೇ ಹೊರತು ಇಲ್ಲವಾಗುತ್ತಿರಲಿಲ್ಲ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಅಪವಾದವು ಹಾಫ್‌ಕಿನನ ತಲೆಗೆ ಬಂತು. ಸೀಸೆಯು ಪ್ರಯೋಗಶಾಲೆಯಲ್ಲಿ ಕೆಟ್ಟಿತೆನ್ನಲು ಆಧಾರವಿಲ್ಲವೆಂದು ಅನೇಕ ವಿಜ್ಞಾನಿಗಳು ವಾದಿಸಿದ ಮೇಲೆ 1907ರಲ್ಲಿ ಅವನು ದೋಷಮುಕ್ತನಾದನು. ಈಗ ವಿದ್ಯಾರ್ಥಿಗಳು ಆಲೋಚಿಸಲಿ: 1903ರಲ್ಲಿ ಮುಲ್ಕೋವಾಲಿನ ಪಕ್ಕದ ಹಳ್ಳಿಯ ರೈತನೊಬ್ಬನು ಲಸಿಕೆ ಬೇಡವೆಂದಿದ್ದರೆ ಅವನನ್ನು ಮೂಢನೆನ್ನಬಹುದೆ? ‘ಇದರಿಂದ ಏನೂ ಕೇಡಿಲ್ಲ’ ಎಂದು ಅವನಿಗೆ ಹೇಳಿದ್ದರೆ ಅದು ಸುಳ್ಳಾಗುತ್ತಿತ್ತು, ಸುಳ್ಳೆಂಬುದು ಅವನಿಗೂ ತಿಳಿಯುತ್ತಿತ್ತು. ಹತ್ತೊಂಬತ್ತು ಮಂದಿ ಸತ್ತದ್ದು ನಿಜ, ಸತ್ತದ್ದು ಇಂಥ ಕಾರಣದಿಂದ, ಈಗ ಸೀಸೆಗಳನ್ನು ಹೀಗೆ ಕಾಪಾಡುತ್ತೇವೆ, ಲಸಿಕೆಯಿಲ್ಲದೆ ಪ್ಲೇಗಿನಲ್ಲಿ ಸಾಯುವವರು ಇಷ್ಟು ಎಂದು ಹೇಳುವುದೊಂದೇ ಅವನೊಡನೆ ಮಾಡಬಹುದಾದ ವಾದ.

ಎಷ್ಟು ಜನ ಒಪ್ಪಿದರೆ ಸಾಕು?

ಇನ್ನು ಸ್ವಲ್ಪ ಗಣಿತ. ಯಾರಿಗೂ ರಕ್ಷಣೆಯಿಲ್ಲದ ಊರಿನಲ್ಲಿ ಒಬ್ಬ ರೋಗಿಯು ಸರಾಸರಿ ಎಷ್ಟು ಜನರಿಗೆ ರೋಗವನ್ನು ದಾಟಿಸುತ್ತಾನೆಂಬುದು ಒಂದೊಂದು ರೋಗಕ್ಕೆ ಒಂದೊಂದು ಸಂಖ್ಯೆ. ಪೋಲಿಯೊಗೆ ಇದು 5ರಿಂದ 7 ಎಂದೂ ದಡಾರಕ್ಕೆ 12ರಿಂದ 18 ಎಂದೂ ಸಾಮಾನ್ಯವಾಗಿ ಹೇಳುತ್ತಾರೆ. ಪೋಲಿಯೊದ ಸಂಖ್ಯೆಯನ್ನು 6 ಎಂದು ಹಿಡಿಯೋಣ. ಆ ಆರು ಜನರಲ್ಲಿ ಐವರಿಗೆ ಮೊದಲೇ ರಕ್ಷಣೆಯಿದ್ದರೆ ರೋಗವು ಒಬ್ಬನಿಗೆ ಮಾತ್ರ ದಾಟುತ್ತದೆ. ರಕ್ಷಿತರು ಇನ್ನೂ ಸ್ವಲ್ಪ ಹೆಚ್ಚಾದರೆ ರೋಗದ ಸರಪಣಿಯು ಕುಗ್ಗುತ್ತ ಹೋಗಿ ಕಡಿಯುತ್ತದೆ. ಆರರಲ್ಲಿ ಐದು ಎಂದರೆ ನೂರಕ್ಕೆ ಸುಮಾರು 83. ದಡಾರದ ಸಂಖ್ಯೆ 15 ಆದರೆ ಹದಿನೈದರಲ್ಲಿ ಹದಿನಾಲ್ಕು, ನೂರಕ್ಕೆ ಸುಮಾರು 93. ಲಸಿಕೆ ಪಡೆದ ಎಲ್ಲರಲ್ಲಿಯೂ ರಕ್ಷಣೆ ಹುಟ್ಟುವುದಿಲ್ಲವಾದ ಕಾರಣ ಲಸಿಕೆ ಹಾಕಿಸಬೇಕಾದವರ ಪ್ರಮಾಣವು ಇನ್ನೂ ಸ್ವಲ್ಪ ಮೇಲಕ್ಕೆ ಹೋಗುತ್ತದೆ.

ಇದರಿಂದ ಏನು ತಿಳಿದುಬಂತು? ಊರಿನ ಕಟ್ಟಕಡೆಯ ಹಟವಾದಿಯನ್ನು ಗೆಲ್ಲಬೇಕಾದ ಅಗತ್ಯವಿಲ್ಲ. ಒಲ್ಲೆನೆಂಬವರಲ್ಲಿ ದೃಢವಾಗಿ ವಿರೋಧಿಸುವವರು ಕೆಲವರಾದರೆ, ಅನುಮಾನದಿಂದ ಹಿಂದೆಮುಂದೆ ನೋಡುವವರು ಹಲವರು. ಎರಡನೆಯವರನ್ನು ಒಪ್ಪಿಸಿದರೆ ಲೆಕ್ಕವು ಬಹುಮಟ್ಟಿಗೆ ಸರಿಹೋಗುತ್ತದೆ. ಆದರೆ ಈ ಲೆಕ್ಕಕ್ಕೆ ಒಂದು ಷರತ್ತುಂಟು: ರಕ್ಷಣೆಯಿಲ್ಲದವರು ಊರೆಲ್ಲ ಚದರಿಕೊಂಡಿರಬೇಕು. ಹತ್ತು ಸಾವಿರ ಜನರ ಊರಿನಲ್ಲಿ ಅಂಥವರು ಏಳುನೂರು ಮಂದಿಯಿದ್ದು, ಎಲ್ಲರೂ ಒಂದೇ ಕೇರಿಯಲ್ಲಿ ವಾಸಿಸುತ್ತಿದ್ದರೆ, ಊರಿನ ಸರಾಸರಿ 93 ಇದ್ದರೂ ಆ ಕೇರಿಯ ಪಾಲಿಗೆ ಸೊನ್ನೆಯೇ. ಮನುಷ್ಯರು ತಮ್ಮಂತೆ ಆಲೋಚಿಸುವವರ ಪಕ್ಕದಲ್ಲಿ ವಾಸಿಸುವುದೇ ಹೆಚ್ಚಾದುದರಿಂದ ಇದು ಬರಿಯ ಕಲ್ಪನೆಯಲ್ಲ. ವಾದವು ಎಲ್ಲಿ ಅತ್ಯಂತ ಕಷ್ಟವೋ ಅಲ್ಲಿಯೇ ಅತ್ಯಂತ ಅಗತ್ಯ.

ದೃಢವಿರೋಧಿಗಳ ವಿಷಯವೇನು? 1998ರಲ್ಲಿ ಬ್ರಿಟನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಲೇಖನವೊಂದು ದಡಾರ, ಮಂಗನಬಾವು, ರುಬೆಲ್ಲಾಗಳ ತ್ರಿವಳಿ ಲಸಿಕೆಗೂ ಆಟಿಸಂಗೂ ಸಂಬಂಧವಿರಬಹುದೆಂಬ ಸಂದೇಹವನ್ನು ಹುಟ್ಟಿಸಿತು. 2010ರಲ್ಲಿ ಪತ್ರಿಕೆಯು ಲೇಖನವನ್ನು ಹಿಂತೆಗೆದುಕೊಂಡಿತು. ಭಯವು ಮಾತ್ರ ಹಿಂತೆಗೆಯಲಿಲ್ಲ. 2014ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ, ಅಂಥ ಸಂಬಂಧವಿಲ್ಲವೆಂಬ ಪುರಾವೆಯನ್ನು ತಾಯಿತಂದೆಗಳಿಗೆ ಓದಿಸಿದರು. ತಪ್ಪು ನಂಬಿಕೆಯು ಕಡಿಮೆಯಾಯಿತು. ಆದರೆ ಲಸಿಕೆಯ ಮೇಲೆ ಮೊದಲೇ ವಿಶ್ವಾಸವಿಲ್ಲದಿದ್ದವರಲ್ಲಿ ಮಗುವಿಗೆ ಲಸಿಕೆ ಹಾಕಿಸುವ ಮನಸ್ಸು ಇನ್ನಷ್ಟು ಕುಗ್ಗಿತು! ಅವರ ಭಯವು ಆ ಒಂದು ಕಾರಣದ ಮೇಲೆ ನಿಂತಿರಲಿಲ್ಲವೆಂದು ನನಗೆ ತೋರುತ್ತದೆ. ಒಂದು ಕಂಬವನ್ನು ತೆಗೆದಾಗ ಬೇರೆ ಕಂಬಗಳನ್ನು ಹುಡುಕಿಕೊಂಡರು. ಇಂಥವರೊಡನೆ ವೇದಿಕೆಯ ಮೇಲೆ ವಾದಿಸುವುದಾದರೆ, ಅದು ಅವರಿಗಾಗಿ ಅಲ್ಲ, ಕೆಳಗೆ ಕುಳಿತು ಕೇಳುವ ಸಂದೇಹಿಗಳಿಗಾಗಿ ಎಂಬುದು ನೆನಪಿನಲ್ಲಿರಬೇಕು. ಕಾನೂನಿಗೆ ಸ್ಥಾನವೇ ಇಲ್ಲವೆಂದಲ್ಲ. ಅಂಟುರೋಗ ತಗುಲಿದವನು ಸಂತೆಯಲ್ಲಿ ತಿರುಗುವುದನ್ನು ತಡೆಯುವ ಹಕ್ಕು ಸಮಾಜಕ್ಕೆ ಉಂಟು. ಆದರೆ ದಂಡ ಹಾಕಿ ಮನಸ್ಸನ್ನು ತಿರುಗಿಸಹೊರಟ ಬ್ರಿಟನ್ನಿನಲ್ಲಿ, ಸಿಡುಬಿನ ಲಸಿಕೆಯ ಕಡ್ಡಾಯದ ವಿರುದ್ಧ 1885ರಲ್ಲಿ ಲೆಸ್ಟರ್ ನಗರದಲ್ಲಿ ಭಾರಿ ಮೆರವಣಿಗೆ ನಡೆದು, ಕೊನೆಗೆ 1898ರಲ್ಲಿ ಕಾನೂನೇ ಬಗ್ಗಬೇಕಾಯಿತು.

ಸೀಮೆಸುಣ್ಣದ ಗುರುತು

ಈಗ ಪೋಲಿಯೊ. 2002ರಲ್ಲಿ ನಮ್ಮ ದೇಶದ ಸುಮಾರು 1,600 ಮಕ್ಕಳು ಈ ರೋಗಕ್ಕೆ ತುತ್ತಾದರು. ಹೆಚ್ಚಿನವರು ಉತ್ತರ ಪ್ರದೇಶದವರು. ಅಲ್ಲಿಯ ಪಶ್ಚಿಮ ಭಾಗದ ಬಡ ಮುಸಲ್ಮಾನರ ಕೇರಿಗಳಲ್ಲಿ, ಹನಿಯನ್ನು ಕುಡಿದ ಮಕ್ಕಳಿಗೆ ಮುಂದೆ ಸಂತಾನವಾಗುವುದಿಲ್ಲವೆಂಬ ವದಂತಿ ಹಬ್ಬಿತ್ತು. ವದಂತಿಯು ಶುದ್ಧ ಸುಳ್ಳು. ಆದರೆ ಅದು ಬೇರೂರಿದ ನೆಲವು ಸುಳ್ಳಲ್ಲ: 1975-77ರ ತುರ್ತುಪರಿಸ್ಥಿತಿಯಲ್ಲಿ ಬಲಾತ್ಕಾರದ ಸಂತಾನಹರಣ ಚಿಕಿತ್ಸೆ ನಡೆದದ್ದು ಅದೇ ಸೀಮೆಯಲ್ಲಿ. ಇನ್ನೊಂದು ದೂರೂ ಇತ್ತು. ಚರಂಡಿಯಿಲ್ಲ, ಶುದ್ಧ ನೀರಿಲ್ಲ, ಜ್ವರಕ್ಕೆ ಔಷಧವಿಲ್ಲ, ಹನಿ ಮಾತ್ರ ಮತ್ತೆ ಮತ್ತೆ ಮನೆಬಾಗಿಲಿಗೆ ಬರುವುದೇಕೆ? ಹಲವು ಸಲ ಹನಿ ಕುಡಿದ ಮಗುವಿಗೂ ಪೋಲಿಯೊ ಬಂತಲ್ಲ?

ಕೊನೆಯ ಮಾತು ಬರಿಯ ಹಟವಾಗಿರಲಿಲ್ಲ. ಹನಿಯ ಒಂದೊಂದು ಸರದಿಯಿಂದ ಉತ್ತರ ಪ್ರದೇಶದ ಮಕ್ಕಳಲ್ಲಿ ರಕ್ಷಣೆ ಹುಟ್ಟುವ ಸಂಭವವು ನೂರಕ್ಕೆ ಸುಮಾರು 9, ದೇಶದ ಇತರ ಭಾಗಗಳಲ್ಲಿ ಸುಮಾರು 21 ಎಂದು 2006ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿತು. ಜನಸಾಂದ್ರತೆ, ಕೊಳಕು ನೀರು, ಅತಿಸಾರ ಇವುಗಳ ನಡುವೆ ಮಕ್ಕಳ ಕರುಳಿನಲ್ಲಿ ಲಸಿಕೆಯು ನಾಟುವುದು ಕಷ್ಟ. ತಾಯಂದಿರು ಕಣ್ಣಾರೆ ಕಂಡದ್ದು ಸರಿಯಾಗಿತ್ತು. ಚರಂಡಿಯ ದೂರಿಗೂ ಹನಿಯ ಸೋಲಿಗೂ ಸಂಬಂಧವಿತ್ತು. ಮೂರು ಬಗೆಯ ವೈರಸ್ಸುಗಳ ಹನಿಯ ಬದಲು 2005ರಿಂದ ಒಂದೇ ಬಗೆಯದನ್ನೂ 2010ರ ಜನವರಿಯಿಂದ ಎರಡು ಬಗೆಯದನ್ನೂ ಬಳಸತೊಡಗಿದ ಮೇಲೆ ರಕ್ಷಣೆಯು ಹೆಚ್ಚಿತು.

ಕೆಲಸದ ರೀತಿಯೂ ಬದಲಾಯಿತು. ಅಲೀಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲ್ಲಿಯಾ ಮೊದಲಾದ ಸಂಸ್ಥೆಗಳ ವಿದ್ವಾಂಸರೂ ಮಸೀದಿಗಳ ಇಮಾಮರೂ ಜೊತೆಗೂಡಿದರು. ಅದೇ ಕೇರಿಗಳ ಹೆಂಗಸರನ್ನು ಸಾವಿರಾರು ಸಂಖ್ಯೆಯಲ್ಲಿ ನೇಮಿಸಿ ಮನೆಮನೆಗೆ ಕಳುಹಿಸಲಾಯಿತು. ಅವರು ಹನಿಯ ಮಾತನ್ನಷ್ಟೇ ಆಡಲಿಲ್ಲ. ಅತಿಸಾರ, ಎದೆಹಾಲು, ಕೈತೊಳೆಯುವುದು ಎಲ್ಲವನ್ನೂ ಆಡಿದರು.

ಹನಿ ಹಾಕುವ ತಂಡಗಳು ಪ್ರತಿ ಮನೆಯ ಗೋಡೆಯ ಮೇಲೂ ಸೀಮೆಸುಣ್ಣದಿಂದ ಗುರುತು ಹಾಕುತ್ತಿದ್ದರು. ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ‘ಪಿ’, ಇಲ್ಲದಿದ್ದರೆ ‘ಎಕ್ಸ್’. ಎಕ್ಸ್ ಮನೆಗಳಲ್ಲಿ ಬೀಗ ಹಾಕಿದ್ದ ಮನೆ ಯಾವುದು, ಮಗು ಕಾಯಿಲೆಯಿಂದ ಮಲಗಿದ್ದ ಮನೆ ಯಾವುದು, ತಾಯಿತಂದೆ ಒಲ್ಲೆನೆಂದ ಮನೆ ಯಾವುದು ಎಂದು ಬೇರೆಬೇರೆಯಾಗಿ ಬರೆದುಕೊಳ್ಳುತ್ತಿದ್ದರು. ಬೀಗದ ಮನೆಗೆ ಸಂಜೆ ಮತ್ತೊಮ್ಮೆ ಹೋದರೆ ಸಾಕು. ಕಾಯಿಲೆಯ ಮಗುವಿಗೆ ಮೊದಲು ವೈದ್ಯರು ಬೇಕು. ಒಲ್ಲೆನೆಂದ ಮನೆಗೆ ಮಾತ್ರ ಮಾತು ಬಲ್ಲವರು ಹೋಗಬೇಕು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗುವಿನಲ್ಲಿ ಪೋಲಿಯೊ ಕಾಣಿಸಿಕೊಂಡಿತು. ನಿಸರ್ಗದಲ್ಲಿ ಹರಿದಾಡುವ ವೈರಸ್ಸಿನಿಂದ ಭಾರತದಲ್ಲಿ ಉಂಟಾದ ಕೊನೆಯ ಪೋಲಿಯೊ ಅದು. 2014ರ ಮಾರ್ಚ್ 27ರಂದು ವಿಶ್ವ ಆರೋಗ್ಯ ಸಂಸ್ಥೆಯು ನಮ್ಮ ದೇಶವನ್ನೊಳಗೊಂಡ ಆಗ್ನೇಯ ಏಷ್ಯಾ ವಲಯವು ಪೋಲಿಯೊಮುಕ್ತವೆಂದು ಪ್ರಮಾಣೀಕರಿಸಿತು.