ಕಂಪ್ಯೂಟರ್ ಬಂತು, ನಡೆಸೋರು ಯಾರು?

ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ಈಗ ಅವುಗಳಿಗೆ 'ಅರಿವು ಕೇಂದ್ರ' ಅಂತಲೂ ಹೆಸರು. ಎಷ್ಟೋ ಕಡೆ ಪುಸ್ತಕದ ಜೊತೆ ಕಂಪ್ಯೂಟರ್ ಕೂಡ ಬಂದಿದೆ. ಆದರೆ ಮಕ್ಕಳಿಗೆ ಅದರಲ್ಲಿ ಏನಾದರೂ ಮಾಡಿಸಬೇಕು ಅಂದ್ರೆ ಅಲ್ಲಿರೋದು ಮೇಲ್ವಿಚಾರಕರು ಮಾತ್ರ. ನಮ್ಮ ಎನ್ನೆಸ್ಸೆಸ್ ಶಿಬಿರ ಏಳು ದಿನಕ್ಕೆ ಮುಗಿಯುತ್ತೆ, ಅವರು ವರ್ಷಪೂರ್ತಿ ಅಲ್ಲೇ ಇರ್ತಾರೆ. ಹಾಗಾಗಿ ನಾವು ಮೊದಲು ಕಲಿಸಬೇಕಾದ್ದು ಅವರಿಗೆ. ಅದನ್ನು ಹೇಗೆ ಮಾಡೋದು ಅಂತ ನೋಡೋಣ.

ಮೊದಲ ಪಾಠ: ಕರೆಂಟ್ ಇಲ್ಲದೆ ಬೈನರಿ

ನ್ಯೂಜಿಲೆಂಡಿನ ಕ್ಯಾಂಟರ್ಬರಿ ವಿಶ್ವವಿದ್ಯಾಲಯದಲ್ಲಿ ಶುರುವಾದ 'ಕಂಪ್ಯೂಟರ್ ಸೈನ್ಸ್ ಅನ್‌ಪ್ಲಗ್ಡ್' ಯೋಜನೆಯ ಆಟ ಇದು. ಐದು ರಟ್ಟುಗಳ ಮೇಲೆ 16, 8, 4, 2, 1 ಚುಕ್ಕಿ ಹಾಕಿ. ಐದು ಜನ ಅವನ್ನು ಹಿಡಿದು, ನೋಡುವವರ ಎಡದಿಂದ ಇದೇ ಕ್ರಮದಲ್ಲಿ ನಿಲ್ಲಲಿ. ಚುಕ್ಕಿ ಕಂಡರೆ 1, ತಿರುಗಿಸಿ ಹಿಡಿದರೆ 0. '21 ಮಾಡಿ' ಅಂದರೆ 16, 4 ಮತ್ತು 1 ಮಾತ್ರ ಕಾಣಬೇಕು, ಅಂದರೆ 10101. 0ಯಿಂದ 31ರವರೆಗಿನ ಎಲ್ಲ ಸಂಖ್ಯೆಗಳೂ ಈ ಐದು ರಟ್ಟಿನಲ್ಲೇ ಆಗುತ್ತವೆ.

ಇದನ್ನು ಮೂರು ಸುತ್ತಿನಲ್ಲಿ ಕಲಿಸಿ. ಮೊದಲ ಸುತ್ತಿನಲ್ಲಿ ಮೇಲ್ವಿಚಾರಕರೇ ಮಕ್ಕಳ ಥರ ಆಡಲಿ. ಎರಡನೇ ಸುತ್ತಿನಲ್ಲಿ ನಾವು ಮಕ್ಕಳಾಗೋಣ, ಅವರು ನಡೆಸಲಿ. ಮೂರನೆಯದು ನಿಜವಾದ ಮಕ್ಕಳ ಜೊತೆ. ಆಗ ನಾವು ಹಿಂದೆ ಸುಮ್ಮನೆ ಕೂತಿರಬೇಕು.

ಎರಡನೇ ಪಾಠ: ಸ್ಕ್ರ್ಯಾಚ್

2007ರಲ್ಲಿ ಎಂಐಟಿ ಹೊರತಂದ ಸ್ಕ್ರ್ಯಾಚ್‌ನಲ್ಲಿ ಕೋಡ್ ಟೈಪ್ ಮಾಡೋದಿಲ್ಲ, ಬ್ಲಾಕ್‌ಗಳನ್ನು ಜೋಡಿಸೋದು. ಒಮ್ಮೆ ಇನ್‌ಸ್ಟಾಲ್ ಮಾಡಿದರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತೆ. ಕಂಪ್ಯೂಟರ್ ಒಂದೇ ಇದ್ದರೆ ಮಕ್ಕಳನ್ನು ಇಬ್ಬಿಬ್ಬರಂತೆ ಕೂರಿಸಿ. ಒಬ್ಬರ ಕೈಯಲ್ಲಿ ಮೌಸ್, ಇನ್ನೊಬ್ಬರು ಏನು ಮಾಡಬೇಕು ಅಂತ ಹೇಳೋದು. ಹತ್ತು ನಿಮಿಷಕ್ಕೆ ಅದಲುಬದಲು. ಉಳಿದವರು ತಮ್ಮ ಕಥೆಯನ್ನು ಹಾಳೆಯಲ್ಲಿ ಬರೆದುಕೊಳ್ಳಲಿ.

ಕಲಿಸುವಾಗ ನೀವು ಮೌಸ್ ಮುಟ್ಟಬೇಡಿ. 'ಮೇಡಂ, ನೀವೇ ಮಾಡಿ' ಅಂತ ಹೇಳಿ ಕಾಯಿರಿ. ನಮ್ಮ ವೇಗ ನೋಡಿದರೆ ಅವರಿಗೆ 'ಇದು ನಮ್ಮ ಕೈಲಾಗಲ್ಲ' ಅನ್ನಿಸುತ್ತೆ.

ಮೂರನೇ ಪಾಠ: 'ಗೊತ್ತಿಲ್ಲ' ಅನ್ನೋದು

ದೊಡ್ಡ ಭಯ ಇಲ್ಲೇ ಇರೋದು. ಮಗು ಕೇಳಿದ್ದಕ್ಕೆ ಉತ್ತರ ಬರದಿದ್ದರೆ ಮರ್ಯಾದೆ ಹೋಗುತ್ತೆ ಅಂತ ಕಂಪ್ಯೂಟರ್ ಆನ್ ಮಾಡದೇ ಇರೋದು ಸುಲಭ. ಆದ್ದರಿಂದ ಮೂರು ಪ್ರಶ್ನೆ ಕಲಿಸಿಕೊಡಿ: ಏನಾಗಬೇಕಿತ್ತು? ಏನಾಯ್ತು? ಯಾವ ಬ್ಲಾಕ್‌ವರೆಗೆ ಸರಿ ಇತ್ತು? ನಾವು ಲ್ಯಾಬ್‌ನಲ್ಲಿ ಡೀಬಗ್ ಮಾಡೋದೂ ಹೀಗೇ ತಾನೇ! ಉತ್ತರ ಗೊತ್ತಿಲ್ಲದಿದ್ದರೂ ಈ ಪ್ರಶ್ನೆಗಳಿಂದ ಮಗುವಿಗೆ ದಾರಿ ತೋರಿಸಬಹುದು.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಮೊದಲು ಗಣಿತದ ಮೇಷ್ಟ್ರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಆ ಕೆಲಸವನ್ನು ಲಂಡನ್ನಿಗೆ ಹೋಗಿ ಕಲಿತು ಬಂದರು. ಮುಂದೆ 1962ರಲ್ಲಿ ಬೆಂಗಳೂರಿನಲ್ಲೇ ಒಂದು ತರಬೇತಿ ಕೇಂದ್ರ ಕಟ್ಟಿದರು. ಅಂಥವರಿಗೇ ತರಬೇತಿ ಬೇಕಾಗಿತ್ತು ಅಂದಮೇಲೆ, ಕಂಪ್ಯೂಟರ್ ಕೊಟ್ಟು 'ನಡೆಸಿ' ಅಂದರೆ ಸಾಕೇ?

ಈ ಸಲ ಶಿಬಿರದ ವೇಳಾಪಟ್ಟಿ ಹಾಕುವಾಗ ಮೊದಲ ಎರಡು ದಿನ ಮೇಲ್ವಿಚಾರಕರಿಗೇ ಇಡೋಣ. ಅವರಿಗೆ ಯಾವ ಹೊತ್ತು ಅನುಕೂಲ ಅಂತ ಮುಂಚೆಯೇ ಕೇಳೋಣ. ವಾಪಸ್ ಬಂದ ಮೇಲೆ ವಾರಕ್ಕೊಮ್ಮೆ ಫೋನ್ ಮಾಡೋಣ.