ಮೊದಲು 9 ವೋಲ್ಟ್, ಆಮೇಲೆ 300

ತಮ್ಮಾ, ಬೀದರಿನಿಂದ ಲಿಂಗಂಪಲ್ಲಿಗೆ ಬಂದಾಗಲೆಲ್ಲ ನೀನು ನಮ್ಮ ಹಿಂದಿನ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. ಈ ಸಲ ಗಿಟಾರಿಗೆ ಫಝ್ ಪೆಡಲ್ ಕಟ್ಟುತ್ತೇನೆ, ಅದರ ಹಿಂದೆಯೇ ವಾಲ್ವ್ ಆಂಪ್ಲಿಫೈಯರ್ ಕಟ್ಟುತ್ತೇನೆ ಅಂದಿದ್ದೀಯ. ಎರಡೂ ನಿನ್ನ ಕೈಯಲ್ಲಿ ಆಗುತ್ತವೆ, ಆದರೆ ಇದೇ ಕ್ರಮದಲ್ಲಿ. ಪೆಡಲ್ 9 ವೋಲ್ಟಿನದು. ತಪ್ಪಿದರೆ ಒಂದು ಟ್ರಾನ್ಸಿಸ್ಟರ್ ಸುಡುತ್ತದೆ, ಅಷ್ಟೆ. ಆಂಪ್ಲಿಫೈಯರ್ 300 ವೋಲ್ಟಿನದು. ಅಲ್ಲಿ ತಪ್ಪಿದರೆ ಜೀವಕ್ಕೇ ಅಪಾಯ. ಬಾಯಲ್ಲಿ ಹೇಳಿದರೆ ಮರೆಯುತ್ತೀಯ ಎಂದು ಬರೆದಿದ್ದೇನೆ. ಮೇಜಿನ ಮುಂದೆ ಗೋಡೆಗೆ ಅಂಟಿಸಿಕೋ.

• ಸಾಮಾನಿಗೆ ಎಂಎಂಟಿಎಸ್ ರೈಲು ಹತ್ತಿ ನಾಂಪಲ್ಲಿಯಲ್ಲಿ ಇಳಿ. ಅಲ್ಲಿಂದ ಕೋಠಿಯ ಗುಜರಾತಿ ಗಲ್ಲಿ ದೂರವಿಲ್ಲ. ಪಟ್ಟಿ ಬರೆದುಕೊಂಡು ಹೋಗು, ಪ್ರತಿಯೊಂದನ್ನೂ ಎರಡೆರಡು ತಗೋ. ಹಳೇ ರೇಡಿಯೊ ಬೇಕೆಂದರೆ ಎರ್ರಗಡ್ಡದ ಭಾನುವಾರದ ಸಂತೆಗೆ ಬೆಳಿಗ್ಗೆಯೇ ಹೋಗಬೇಕು.

• ಫಝ್ ಹುಟ್ಟಿದ್ದೇ ಒಂದು ಕೆಟ್ಟ ಯಂತ್ರದಿಂದ. 1961ರಲ್ಲಿ ಬಂದ ಮಾರ್ಟಿ ರಾಬಿನ್ಸ್ ಹಾಡೊಂದರ ಧ್ವನಿಮುದ್ರಣದಲ್ಲಿ ಮಿಕ್ಸರಿನ ಒಂದು ಚಾನೆಲ್ ಕೆಟ್ಟು ಗಿಟಾರ್ ಒಡಕಾಗಿ ಕೇಳಿಸಿತು. ಆ ಒಡಕನ್ನೇ ಜನ ಮೆಚ್ಚಿದರು. ಮರುವರ್ಷ ಮೇಸ್ಟ್ರೊ ಪೆಡಲ್ ಬಂತು, 1966ರಲ್ಲಿ ಇಂಗ್ಲೆಂಡಿನ ಫಝ್ ಫೇಸ್. ನೀನು ಕಟ್ಟಬೇಕಾದ್ದು ಈ ಕೊನೆಯದನ್ನು. ಎರಡು ಟ್ರಾನ್ಸಿಸ್ಟರ್, ನಾಲ್ಕು ರೆಸಿಸ್ಟರ್, ಮೂರು ಕೆಪಾಸಿಟರ್, ಎರಡು ಪಾಟ್. ಇಷ್ಟು ಸಣ್ಣ ಸರ್ಕ್ಯೂಟಿನಲ್ಲಿ ತಪ್ಪು ಅಡಗಿ ಕೂರಲು ಜಾಗವಿಲ್ಲ.

• ಟ್ರಾನ್ಸಿಸ್ಟರ್ ಜರ್ಮೇನಿಯಂ ಇರಲಿ, ಎಸಿ128. ಇದನ್ನು ಹುಡುಕಿ ವಿದೇಶದಿಂದ ತರಿಸಬೇಕಾಗಿಲ್ಲ. ನಮ್ಮ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ 1961ರಲ್ಲಿ ರೇಡಿಯೊ ವಾಲ್ವ್, 1962ರಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್ ತಯಾರಿಸಲು ಶುರು ಮಾಡಿತು. ನಮ್ಮಪ್ಪನ ರೇಡಿಯೊದೊಳಗೆ ಆ ಮೂರಕ್ಷರ ನೋಡಿದಾಗ ನನಗಾದ ಹೆಮ್ಮೆ ಇವತ್ತಿಗೂ ಇದೆ. ಈಗ ಹೊರದೇಶದ ಪೆಡಲ್ ಕಟ್ಟುವವರೂ ಅವನ್ನು ಹುಡುಕುತ್ತಾರೆ.

• ಟ್ರಾನ್ಸಿಸ್ಟರಿನ ಮೈಮೇಲೆ ಬರೆದ ನಂಬರ್ ನಂಬಬೇಡ. ಸಿಲಿಕಾನ್ ಮೇಲೆ ಎಸಿ128 ಎಂದು ಅಚ್ಚು ಹಾಕಿ ಮಾರುವವರಿದ್ದಾರೆ. ಮಲ್ಟಿಮೀಟರನ್ನು ಡಯೋಡ್ ಟೆಸ್ಟಿಗೆ ತಿರುಗಿಸಿ ಬೇಸ್ ಮತ್ತು ಎಮಿಟರಿಗೆ ಹಿಡಿ. 0.2, 0.3 ತೋರಿಸಿದರೆ ಜರ್ಮೇನಿಯಂ. 0.6 ತೋರಿಸಿದರೆ ಅಂಗಡಿಗೆ ವಾಪಸು ಕೊಡು.

• ಇನ್ನು ಸೋರಿಕೆ. ಪೂರ್ತಿ ಕೆಲಸದ ಜೀವಾಳ ಇದೇ, ಅವಸರ ಮಾಡಬೇಡ. ಬ್ರೆಡ್‌ಬೋರ್ಡಿನಲ್ಲಿ ಎಮಿಟರನ್ನು 9 ವೋಲ್ಟ್ ಬ್ಯಾಟರಿಯ ಪ್ಲಸ್ಸಿಗೆ ಹಾಕು. ಕಲೆಕ್ಟರಿನಿಂದ ಮೈನಸ್ಸಿಗೆ 2.4 ಕಿಲೊಓಮ್ ಮತ್ತು 68 ಓಮ್ ಒಂದರ ಹಿಂದೊಂದು ಹಾಕು. ಬೇಸ್ ಸುಮ್ಮನೆ ಬಿಟ್ಟು ಆ ಎರಡರ ಮೇಲಿನ ವೋಲ್ಟೇಜ್ ನೋಡು. 0.25 ಬಂದರೆ ಸೋರಿಕೆ 100 ಮೈಕ್ರೊಆಂಪಿಯರ್, ಒಳ್ಳೆಯದು. ಅದರ ಎರಡು ಪಟ್ಟಿನವರೆಗೂ ನಡೆಯುತ್ತದೆ. ಆಮೇಲೆ ಬೇಸಿನಿಂದ ಮೈನಸ್ಸಿಗೆ 2.2 ಮೆಗಾಓಮ್ ಸೇರಿಸು. ಹೊಸ ಅಂಕಿಯಿಂದ ಹಳೆಯದನ್ನು ಕಳೆದು ನೂರರಿಂದ ಗುಣಿಸಿದರೆ ಅದೇ ಗೇನ್. ಮೊದಲು 0.3, ಆಮೇಲೆ 1.1 ಬಂತು ಅಂದುಕೋ, ಗೇನ್ 80. ಮೊದಲ ಟ್ರಾನ್ಸಿಸ್ಟರಿಗೆ 70ರ ಆಸುಪಾಸು, ಎರಡನೆಯದಕ್ಕೆ 120ರ ಆಸುಪಾಸು ಇರುವುದನ್ನು ಆರಿಸು. ಬರೇ ಮೀಟರಿನ ಗೇನ್ ತೂತಿಗೆ ಸಿಕ್ಕಿಸಿದರೆ ಸೋರಿಕೆಯನ್ನೂ ಗೇನ್ ಎಂದೇ ಎಣಿಸಿ ತೋರಿಸುತ್ತದೆ.

• ಅಳೆಯುವಾಗ ಟ್ರಾನ್ಸಿಸ್ಟರಿನ ಡಬ್ಬಿಯಂಥ ಮೈ ಮುಟ್ಟಬೇಡ. ಒಮ್ಮೆ ಬೇಕೆಂದೇ ಎರಡು ಬೆರಳಲ್ಲಿ ಹಿಡಿದು ನೋಡು: 0.25 ಇದ್ದದ್ದು 0.27, 0.30 ಎಂದು ನಿನ್ನ ಕಣ್ಣೆದುರೇ ಏರುತ್ತದೆ. ಬಿಟ್ಟರೆ ನಿಧಾನಕ್ಕೆ ಇಳಿಯುತ್ತದೆ. ಶಾಖ ಸುಮಾರು 10 ಡಿಗ್ರಿ ಏರಿದರೆ ಸೋರಿಕೆ ಎರಡು ಪಟ್ಟಾಗುತ್ತದೆ. ನಮ್ಮ ಮೇ ತಿಂಗಳ ಮಧ್ಯಾಹ್ನ 40 ದಾಟಿದಾಗ ಬೆಳಿಗ್ಗೆ ಚಂದ ನುಡಿದ ಪೆಡಲ್ ಗೊರಗೊರ ಅನ್ನುತ್ತದೆ. ಅದಕ್ಕೇ ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರಿಗೆ 8.2 ಕಿಲೊಓಮ್ ಬದಲು 20 ಕಿಲೊಓಮ್ ಪ್ರಿಸೆಟ್ ಹಾಕು. ಅಲ್ಲಿ 4.5 ವೋಲ್ಟ್ ಬರುವವರೆಗೆ ತಿರುಗಿಸು. ಬೇಸಿಗೆಗೊಮ್ಮೆ, ಚಳಿಗಾಲಕ್ಕೊಮ್ಮೆ ಸರಿಮಾಡಿಕೋ.

• ಈ ಪೆಡಲಿನಲ್ಲಿ ಬ್ಯಾಟರಿಯ ಪ್ಲಸ್ಸೇ ಗ್ರೌಂಡ್. ಬೇರೆ ಪೆಡಲ್‌ಗಳ ಅಡಾಪ್ಟರಿಗೆ ಜೋಡಿಸಿದರೆ ಶಾರ್ಟ್ ಆಗುತ್ತದೆ.

• ಡಬ್ಬಿ ಅಲ್ಯೂಮಿನಿಯಂ ಇರಲಿ. ನಿಮ್ಮತ್ತೆಯ ಸ್ಟೀಲ್ ಟಿಫಿನ್ ಡಬ್ಬಿ ಕೇಳಬೇಡ. ಅದರ ಮೇಲೆ ಡ್ರಿಲ್ ಜಾರಿ ಕೈಗೆ ಬರುತ್ತದೆ.

• ಬೆಸುಗೆಗೆ 25 ವ್ಯಾಟಿನ ಸೋಲ್ಡ್ರಾನ್ ಸಾಕು. ಟ್ರಾನ್ಸಿಸ್ಟರಿಗೆ ಸಾಕೆಟ್ ಹಾಕು. ಸೀಸ ಮುಟ್ಟಿದ ಕೈ ತೊಳೆಯದೆ ಊಟಕ್ಕೆ ಕೂರಬೇಡ.

• ಪೆಡಲ್ ಆರು ತಿಂಗಳು ಚೆನ್ನಾಗಿ ನಡೆಯಲಿ. ಆಮೇಲೆ ಆಂಪ್ಲಿಫೈಯರ್. ಹಳೇ ರೇಡಿಯೊ ಕೊಳ್ಳುವಾಗ ವಾಲ್ವಿನ ಮೇಲಿನ ಮೊದಲ ಅಕ್ಷರ ಓದು. ಇಸಿಸಿ83, ಇಎಲ್84, ಹೀಗೆ ‘ಇ’ ಇದ್ದರೆ 6.3 ವೋಲ್ಟ್ ಹೀಟರು. ಸಾಮಾನ್ಯವಾಗಿ ಒಳಗೆ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಆದರೂ ಕಣ್ಣಾರೆ ನೋಡು. ಯುಎಲ್84, ಯುವೈ85, ಹೀಗೆ ‘ಯು’ ಇದ್ದರೆ ಅದು ಎಸಿ-ಡಿಸಿ ಸೆಟ್ಟು. ಅದರಲ್ಲಿ ಮನೆಯ ಕರೆಂಟು ನೇರ ಷಾಸಿಗೇ ಬರಬಹುದು. ಅದಕ್ಕೆ ಗಿಟಾರ್ ಜೋಡಿಸಿದರೆ ತಂತಿ ಮುಟ್ಟಿದವನ ಗತಿ ಹೇಳಬೇಕಾಗಿಲ್ಲ. ಬಿಟ್ಟಿ ಕೊಟ್ಟರೂ ಬೇಡ.

• ಸೀರೀಸ್ ಬಲ್ಬಿಲ್ಲದೆ ಹಳೇ ಸೆಟ್ಟಿಗೆ ಕರೆಂಟು ಕೊಡಬೇಡ. 60 ವ್ಯಾಟಿನ ಹಳದಿ ಬಲ್ಬು, ಎಲ್‌ಇಡಿ ಅಲ್ಲ. ಸ್ವಿಚ್ ಹಾಕಿದಾಗ ಝಗ್ಗನೆ ಉರಿದು ಮಂಕಾದರೆ ಸರಿ. ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟಿದೆ.

• ಕರೆಂಟು ತೆಗೆದ ಮೇಲೂ ಕೆಪಾಸಿಟರ್ ತುಂಬಿರುತ್ತದೆ. ನಿನ್ನ ವಯಸ್ಸಿನಲ್ಲಿ ನಾನು ಪ್ಲಗ್ ಕಿತ್ತೆನಲ್ಲ ಎಂಬ ಧೈರ್ಯದಲ್ಲಿ ಕೈ ಹಾಕಿದ್ದೆ. ಹೊಡೆತಕ್ಕೆ ಕೈ ಹಿಂದೆ ಬಂದು ಮೊಣಕೈ ಗೋಡೆಗೆ ಬಡಿಯಿತು. ಸಂಜೆವರೆಗೂ ಎದೆ ನಡುಗುತ್ತಿತ್ತು. 10 ಕಿಲೊಓಮಿನ 5 ವ್ಯಾಟ್ ರೆಸಿಸ್ಟರಿಗೆ ಒಳ್ಳೆಯ ಇನ್ಸುಲೇಷನ್ ವೈರು ಮತ್ತು ಕ್ರೊಕೊಡೈಲ್ ಕ್ಲಿಪ್ ಬೆಸೆದಿಡು. ಅದರಿಂದ ಇಳಿಸು, ಮೀಟರಿನಲ್ಲಿ ಸೊನ್ನೆ ನೋಡು, ಆಮೇಲೆ ಕೈ ಹಾಕು. ಚಾಲೂ ಇರುವಾಗ ಅಳೆಯಬೇಕಾದರೆ ಎಡಗೈ ಜೇಬಿನಲ್ಲಿರಲಿ. ಮನೆಯಲ್ಲಿ ಒಬ್ಬನೇ ಇದ್ದಾಗ ಈ ಕೆಲಸವೇ ಬೇಡ. ಮೂರು ಪಿನ್ನಿನ ಪ್ಲಗ್, ಷಾಸಿಗೆ ಗಟ್ಟಿ ಅರ್ಥ್, ಫ್ಯೂಸ್: ಈ ಮೂರರಲ್ಲಿ ರಾಜಿ ಇಲ್ಲ.

• ಹಳೇ ಎಲೆಕ್ಟ್ರೊಲಿಟಿಕ್, ಮೇಣದ ಕಾಗದದ ಕೆಪಾಸಿಟರ್ ಎಲ್ಲ ಬದಲಿಸು. ಇಎಲ್84ರ ಗ್ರಿಡ್ಡಿಗೆ ಹೋಗುವುದು ಸೋರಿದರೆ ವಾಲ್ವ್ ಕೆಂಪಗೆ ಕಾದು ಸಾಯುತ್ತದೆ.

• ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುತ್ತಿಸುವಾಗ ಪಕ್ಕದಲ್ಲೇ ನಿಂತಿರು. ಒಂದೇ ಇಎಲ್84 ಆದರೆ 5 ಕಿಲೊಓಮಿನಿಂದ 8 ಓಮಿಗೆ. ‘ಇ’ ಪಟ್ಟಿಗಳೆಲ್ಲ ಒಂದು ಕಡೆ, ‘ಐ’ ಪಟ್ಟಿಗಳೆಲ್ಲ ಒಂದು ಕಡೆ, ನಡುವೆ ತೆಳ್ಳನೆ ಕಾಗದ. ಸ್ಟೆಬಿಲೈಸರ್ ಸುತ್ತುವ ಕೈಗೆ ಪಟ್ಟಿಗಳನ್ನು ಹೆಣೆದು ಜೋಡಿಸುವುದೇ ರೂಢಿ. ಹಾಗೆ ಮಾಡಿದರೆ ಕೋರ್ ಡಿಸಿಯಿಂದ ತುಂಬಿಹೋಗಿ ದಪ್ಪ ತಂತಿಯ ಸ್ವರ ಸೊರಗುತ್ತದೆ. ನನಗೆ ಒಬ್ಬರು ಹೀಗೇ ಮಾಡಿಕೊಟ್ಟಿದ್ದರು. ಮನೆಗೆ ತಂದು ಬಿಚ್ಚಿ, ಪಟ್ಟಿ ಎಣಿಸಿ, ಮತ್ತೆ ಜೋಡಿಸಲು ಎರಡು ರಾತ್ರಿ ಹಿಡಿಯಿತು.

• ಇಎಲ್84ರ ಪ್ಲೇಟಿಗೆ 250 ವೋಲ್ಟ್, ಕ್ಯಾಥೋಡಿಗೆ 135 ಓಮ್ ಇದ್ದರೆ ಆ ರೆಸಿಸ್ಟರಿನ ಮೇಲೆ 7 ವೋಲ್ಟ್ ಚಿಲ್ಲರೆ ಬರಬೇಕು. 10 ಬಂದರೆ ತಕ್ಷಣ ಆರಿಸು. ಸ್ಪೀಕರ್ ಜೋಡಿಸದೆ ಮಾತ್ರ ಎಂದೂ ನುಡಿಸಬೇಡ. 5 ವ್ಯಾಟ್ ಕಡಿಮೆ ಎನ್ನಬೇಡ, ಅಪಾರ್ಟ್‌ಮೆಂಟಿನಲ್ಲಿ ಅದಕ್ಕೇ ಪಕ್ಕದ ಮನೆಯವರು ಬಾಗಿಲು ತಟ್ಟುತ್ತಾರೆ.

• ಕಪಾಟಿನ ಕೆಳಗಿನ ಹಲಗೆಯಲ್ಲಿ ಹಾರ್ಲಿಕ್ಸ್ ಬಾಟಲಿಯೊಂದಿದೆ. ಅದರಲ್ಲಿ ಬಿಇಎಲ್‌ನ ಆರು ಎಸಿ128 ಇವೆ, ನಿನಗೇ ಇಟ್ಟಿದ್ದು. ಒಂದೊಂದಕ್ಕೂ ಸೋರಿಕೆ, ಗೇನ್, ಅವತ್ತಿನ ಉಷ್ಣತೆ ಬರೆದ ಚೀಟಿ ಕಟ್ಟಿದ್ದೇನೆ. ಚೀಟಿ ಮಡಿಸಿಯೇ ಇರಲಿ. ಮೊದಲು ನೀನು ಅಳೆದು ಬರೆದುಕೋ, ಆಮೇಲೆ ಬಿಚ್ಚಿ ನನ್ನ ಅಂಕಿಯ ಪಕ್ಕ ಇಟ್ಟು ನೋಡೋಣ.