ಎಣ್ಣೆ ಇನ್ನೂ ಸುರಿದಿಲ್ಲ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ವ್ಯಂಗ್ಯಚಿತ್ರಗಳು ಬಂದವು. ಕೈ ಚೆನ್ನಾಗಿ ಪಳಗಿದೆ. ಆದರೆ ಇಷ್ಟೊಂದು ರಕ್ತ ಯಾಕಮ್ಮ? ಸಾವನ್ನು ಮುಂದಿಟ್ಟು ನಗಿಸಬೇಕೆಂದಿದ್ದರೆ ಚಾರ್ಲ್ಸ್ ಆಡಮ್ಸ್‌ನನ್ನು ನೋಡು.

ಅಮೆರಿಕದ ನ್ಯೂಜೆರ್ಸಿಯಲ್ಲಿ 1912ರಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ. ನೀನು ಮುಗಿಬಿದ್ದು ನೋಡುತ್ತಿದ್ದೆಯಲ್ಲ, ಆ ಎರಡು ಜಡೆಯ ವೆನ್ಸ್‌ಡೇ, ಅವಳು ಇವನ ಕೈಕೂಸು. ಅವಳ ಆ ವಿಚಿತ್ರ ಸಂಸಾರ ‘ನ್ಯೂಯಾರ್ಕರ್’ ಪತ್ರಿಕೆಗೆ ಕಾಲಿಟ್ಟದ್ದು 1938ರಲ್ಲಿ. ಆಗ ಮನೆಯಲ್ಲಿ ಯಾರಿಗೂ ಹೆಸರಿರಲಿಲ್ಲ. ಹೆಚ್ಚಿನವರಿಗೆ ನಾಮಕರಣವಾದದ್ದು 1964ರಲ್ಲಿ ಶುರುವಾದ ಟಿವಿ ಧಾರಾವಾಹಿಗಾಗಿ. ತಮಾಷೆಯೆಂದರೆ, ಅವರು ಟಿವಿಗೆ ಹೋದದ್ದೇ ತಡ, ಪತ್ರಿಕೆಯ ಸಂಪಾದಕರು ಒಳಗೆ ಸೇರಿಸುವುದನ್ನೇ ಬಿಟ್ಟರು. ಸಂಪಾದಕರ ಮಡಿ ಎಲ್ಲ ಊರಲ್ಲೂ ಒಂದೇ!

ಮೊದಮೊದಲು ಅವನು ‘ಟ್ರೂ ಡಿಟೆಕ್ಟಿವ್’ ಎಂಬ ಅಪರಾಧ ಪತ್ರಿಕೆಯಲ್ಲಿದ್ದ. ಕೊಲೆಯಾದವರ ಫೋಟೋಗಳಲ್ಲಿ ರಕ್ತ ಕಾಣದಂತೆ ತಿದ್ದುವ ಕೆಲಸ. ತಿದ್ದದಿದ್ದರೇ ಚೆನ್ನಾಗಿತ್ತು ಎಂದು ಗೊಣಗುತ್ತಿದ್ದನಂತೆ. ಹಾಗಿದ್ದೂ ಅವನನ್ನು ದೊಡ್ಡವನನ್ನಾಗಿ ಮಾಡಿದ ಚಿತ್ರಗಳಲ್ಲಿ ಒಂದು ಹನಿ ರಕ್ತವಿಲ್ಲ.

1946ರ ಕ್ರಿಸ್‌ಮಸ್ ಹೊತ್ತಿಗೆ ಬಂದ ಒಂದು ಚಿತ್ರವಿದೆ. ಹಳೆಯ ಮಹಡಿಮನೆ, ಹಿಮ. ಬಾಗಿಲ ಮುಂದೆ ಹಬ್ಬದ ಹಾಡು ಹೇಳಲು ಬಂದ ಜನ, ತಲೆಯೆತ್ತದೆ ಹಾಡಿನಲ್ಲೇ ಮುಳುಗಿದ್ದಾರೆ. ನೆತ್ತಿಯ ಮೇಲೆ, ಮಾಳಿಗೆಯಲ್ಲಿ, ಮನೆಯವರು ಹಬೆಯಾಡುವ ಎಣ್ಣೆಯ ಕೊಪ್ಪರಿಗೆಯನ್ನು ಬಗ್ಗಿಸುತ್ತಿದ್ದಾರೆ. ಅಷ್ಟೇ. ಕೆಳಗೆ ಒಂದು ಸಾಲು ಮಾತೂ ಇಲ್ಲ. ಎಣ್ಣೆ ಇನ್ನೂ ಸುರಿದಿಲ್ಲ ನೋಡು, ಸುರಿಯುವ ಕೆಲಸವನ್ನು ಅವನು ನಮಗೆ ಬಿಟ್ಟಿದ್ದಾನೆ. ನಾವು ಮನಸ್ಸಿನಲ್ಲೇ ಸುರಿದು, ನಕ್ಕು, ಆಮೇಲೆ ಅಯ್ಯೋ ಅನ್ನುತ್ತೇವೆ. ಹಬ್ಬದ ಗದ್ದಲಕ್ಕೆ ಬೇಸತ್ತವರೆಲ್ಲ ಆ ಕೊಪ್ಪರಿಗೆಗೆ ಗುಟ್ಟಾಗಿ ಕೈಹಚ್ಚಿದವರೇ.

ಆ ಹಿಮವನ್ನೂ ಗೋಡೆಯನ್ನೂ ಬೂದು ಮಸಿಯ ತೆಳು ಲೇಪದಲ್ಲಿ ಎಷ್ಟು ಶ್ರದ್ಧೆಯಿಂದ ಬರೆದಿದ್ದಾನೆಂದರೆ, ಸುಳ್ಳು ಅನ್ನಲು ಬಾಯೇ ಬರುವುದಿಲ್ಲ. 1940ರ ಒಂದು ಸ್ಕೀಯಿಂಗ್ ಚಿತ್ರದಲ್ಲೂ ಅಷ್ಟೇ: ಹಿಮದ ಮೇಲೆ ಜಾರಿಹೋದವಳ ಎರಡು ಗೆರೆಗಳು ಮರದ ಆಚೆಗೊಂದು, ಈಚೆಗೊಂದು. ಹೇಗೆ ಹೋದಳು? ಉತ್ತರವಿಲ್ಲ.

ಮನುಷ್ಯನೂ ತನ್ನ ಚಿತ್ರಗಳಿಗೆ ಒಪ್ಪುವಂತಿದ್ದ. ಮೂರನೆಯ ಮದುವೆ 1980ರಲ್ಲಿ, ಸಾಕುಪ್ರಾಣಿಗಳ ಸ್ಮಶಾನದಲ್ಲಿ. ವಧು ಉಟ್ಟದ್ದು ಕಪ್ಪು. 1988ರಲ್ಲಿ ಮನೆಯ ಮುಂದೆ ನಿಲ್ಲಿಸಿದ ಕಾರಿನಲ್ಲೇ ಹೃದಯಾಘಾತವಾಯಿತು, ಅದರಿಂದಲೇ ತೀರಿಕೊಂಡ. ಆದರೆ ಕಪ್ಪು ಬಟ್ಟೆ ತೊಟ್ಟ ಮಾತ್ರಕ್ಕೆ ಆಡಮ್ಸ್ ಆಗುವುದಿಲ್ಲ, ಪುಟ್ಟಿ. ಅವನ ಆ ಸಂಸಾರದಲ್ಲಿ ಗಂಡ, ಹೆಂಡತಿ, ಮಕ್ಕಳು ಎಷ್ಟು ಅನ್ಯೋನ್ಯವಾಗಿದ್ದಾರೆ ಅನ್ನುವುದನ್ನೂ ಗಮನಿಸು.

ನಿನ್ನ ದಂತವೈದ್ಯನ ಚಿತ್ರವನ್ನು ಇನ್ನೊಮ್ಮೆ ಬರೆ. ಈ ಸಲ ರೋಗಿ ಬಾಯಿ ತೆರೆಯುವ ಮುಂಚಿನ ಗಳಿಗೆ ಇರಲಿ. ಕೆಂಪು ಬಣ್ಣ ಬೇಡ. ಬರೆದು ಮೊದಲು ನನಗೇ ಕಳಿಸು.

ಇಂತಿ ನಿನ್ನ
ದೊಡ್ಡಪ್ಪ